ಲಾನ್‌ಗೆ ಸುಣ್ಣ ಹಾಕುವ ಮುನ್ನ ಮಣ್ಣು ಪರೀಕ್ಷೆಯಾಗಲಿ

ಮಾನ್ಯ ಸಂಪಾದಕರೇ,

ಮುಂಗಾರು ಹಿಡಿದು ಹದಿನೈದು ದಿನವಾದರೆ ಬೆಂಗಳೂರಿನ ಮನೆಯಂಗಳದ ಲಾನ್‌ಗಳಲ್ಲಿ ಅಲ್ಲಲ್ಲಿ ಪಾಚಿ ಕಾಣಿಸಿಕೊಳ್ಳುತ್ತದೆ. ಆಗ ಮಾಲಿಯಿಂದ ಬರುವ ಮಾತು ಒಂದೇ: ‘ಮಣ್ಣು ಹುಳಿ ಆಗಿದೆ ಸಾರ್, ಸುಣ್ಣ ಹೊಡೀಬೇಕು.’ ಬಣ್ಣದ ಅಂಗಡಿಯಿಂದ ಒಂದು ಚೀಲ ಸುಣ್ಣ ಬರುತ್ತದೆ, ಲಾನ್ ಬೆಳ್ಳಗಾಗುತ್ತದೆ, ಎರಡು ತಿಂಗಳಲ್ಲಿ ಹುಲ್ಲು ಹಳದಿಗೆ ತಿರುಗುತ್ತದೆ. ಹಳದಿ ಕಂಡಿತೆಂದು ಯೂರಿಯಾ; ಅದಕ್ಕೂ ಜಗ್ಗದಿದ್ದರೆ ಒಂದು ಲೋಡ್ ಕೆಂಪು ಮಣ್ಣು. ಮೊದಲೇ ಅರ್ಧ ಕೆ.ಜಿ. ಮಣ್ಣನ್ನು ಪರೀಕ್ಷೆಗೆ ಕೊಟ್ಟಿದ್ದರೆ ಇಷ್ಟೂ ಖರ್ಚು ಉಳಿಯುತ್ತಿತ್ತು.

ಪಾಚಿ ಕಂಡ ಮಾತ್ರಕ್ಕೆ ಮಣ್ಣು ಹುಳಿಯಾಗಿದೆ ಎನ್ನಲಾಗದು. ನೆರಳಿದ್ದು, ನೀರು ಇಂಗದೆ, ನೆಲ ತುಳಿತಕ್ಕೆ ಗಟ್ಟಿಯಾಗಿದ್ದರೆ ಪಾಚಿ ಬರುತ್ತದೆ. ಸಿಮೆಂಟ್ ಕಾಂಪೌಂಡಿನ ಮೇಲೂ ಪಾಚಿ ಕಟ್ಟುತ್ತದಲ್ಲ, ಅಲ್ಲೆಲ್ಲಿಯ ಹುಳಿ? ಮರದ ಕೊಂಬೆ ಸವರಿ ಬಿಸಿಲು ಬಿಡುವುದು, ಸಂಜೆಯ ನೀರನ್ನು ಬೆಳಗ್ಗೆಗೆ ಬದಲಿಸುವುದು, ನೆಲಕ್ಕೆ ತೂತು ಹೊಡೆಯುವುದು ಇದಕ್ಕೆ ಮದ್ದು.

ಬೆಂಗಳೂರಿನ ಮೂಲ ಕೆಂಪು ಮಣ್ಣು ಸಾಮಾನ್ಯವಾಗಿ ತುಸು ಹುಳಿಯದೇ, ನಿಜ. ಆದರೆ ಮನೆ ಕಟ್ಟಿದ ಸೈಟಿನಲ್ಲಿ ಆ ಮಣ್ಣು ಮೇಲೆ ಉಳಿದಿರುವುದು ಅಪರೂಪ. ಪಾಯ ತೋಡಿದಾಗ ಅಡಿಯ ಮಣ್ಣು ಮೇಲೆ ಬಂದಿರುತ್ತದೆ. ಅದರ ಜೊತೆ ಗಾರೆ ಚೂರು, ಉದುರಿದ ಸಿಮೆಂಟ್, ಇಟ್ಟಿಗೆ ಪುಡಿ, ಎಂ-ಸ್ಯಾಂಡ್ ಎಲ್ಲ ಬೆರೆತಿರುತ್ತವೆ. ಗೃಹಪ್ರವೇಶದ ತರಾತುರಿಯಲ್ಲಿ ಅದರ ಮೇಲೆ ಮೂರಿಂಚು ಕೆಂಪು ಮಣ್ಣು ಹರಡಿ ಮೆಕ್ಸಿಕನ್ ಹುಲ್ಲಿನ ಹಾಸು ಒತ್ತಿಬಿಡುತ್ತಾರೆ. ಮೊದಲ ವರ್ಷ ಚೆನ್ನಾಗಿಯೇ ಇರುತ್ತದೆ. ಬೇರು ಕೆಳಗಿನ ಗಾರೆ ಪದರ ಮುಟ್ಟಿದ ಮೇಲೆ ತೊಂದರೆ ಶುರು. ಅಲ್ಲಿ ರಸಸಾರ, ಅಂದರೆ ಪಿಎಚ್ (7ರ ಕೆಳಗೆ ಹುಳಿ, ಮೇಲೆ ಕ್ಷಾರ), 8ರ ಮೇಲಿದ್ದರೆ ಅಚ್ಚರಿಯಿಲ್ಲ. ಲಾನ್ ಹುಲ್ಲಿಗೆ ಬೇಕಿರುವುದು 6ರಿಂದ 7.

ಇನ್ನೊಂದು ಸುಣ್ಣದ ಮೂಲ ಯಾರ ಗಮನಕ್ಕೂ ಬರುವುದಿಲ್ಲ: ಬೋರ್‌ವೆಲ್ ನೀರು. ಷವರಿನ ತೂತು ಮುಚ್ಚಿಹೋಗುವುದೂ ಕೆಟಲಿನ ತಳದಲ್ಲಿ ಬಿಳಿ ಪದರ ಕಟ್ಟುವುದೂ ನೀರಿನ ಬೈಕಾರ್ಬೊನೇಟಿನಿಂದ. ಅದೇ ನೀರು ಲಾನ್‌ಗೂ ಹೋಗುತ್ತದೆ. ಲೆಕ್ಕ ಹಾಕಿ ನೋಡಿ. 20 ಅಡಿಗೆ 30 ಅಡಿಯ ಲಾನ್ ಎಂದರೆ ಸುಮಾರು 56 ಚದರ ಮೀಟರ್. ದಿನಕ್ಕೆ 4 ಮಿ.ಮೀ. ನೀರು ಕೊಟ್ಟರೆ 224 ಲೀಟರ್. ಮಳೆ ಇಲ್ಲದ 250 ದಿನಕ್ಕೆ 56,000 ಲೀಟರ್. ನೀರಿನ ಪರೀಕ್ಷಾ ವರದಿಯಲ್ಲಿ ‘ಟೋಟಲ್ ಆಲ್ಕಲಿನಿಟಿ’ ಎಂಬ ಸಾಲು ಇರುತ್ತದೆ. ಅದು ಲೀಟರಿಗೆ 250 ಮಿ.ಗ್ರಾಂ ಎಂದಿದ್ದರೆ, ವರ್ಷಕ್ಕೆ 14 ಕೆ.ಜಿ. ಸುಣ್ಣಕ್ಕೆ ಸಮನಾದ ಕ್ಷಾರ ಪೈಪಿನಲ್ಲೇ ಬಂದು ಲಾನ್‌ಗೆ ಬಿದ್ದಂತೆ. ಚದರ ಮೀಟರಿಗೆ 250 ಗ್ರಾಂ. ಹುಳಿ ಮಣ್ಣಿನ ಲಾನ್‌ಗೆ ಒಂದು ಸಲಕ್ಕೆ ಹಾಕಬಹುದಾದ ಕೃಷಿ ಸುಣ್ಣದ (ಸುಣ್ಣಕಲ್ಲಿನ ಪುಡಿ) ಗರಿಷ್ಠ ಪ್ರಮಾಣವೂ ಹೆಚ್ಚುಕಡಿಮೆ ಇಷ್ಟೇ! ಮಳೆ ಒಂದಿಷ್ಟನ್ನು ತೊಳೆದೊಯ್ಯುತ್ತದೆ, ಪೂರ್ತಿಯಾಗಿ ಅಲ್ಲ.

ಸಾಫ್ಟನರ್ ಇರುವ ಮನೆಗಳಲ್ಲಿ ಸ್ಥಿತಿ ಇನ್ನೂ ಕೆಟ್ಟದ್ದು. ಉಪ್ಪು ಹಾಕಿ ನಡೆಸುವ ಸಾಫ್ಟನರ್ ಕ್ಯಾಲ್ಸಿಯಂ ತೆಗೆದು ಸೋಡಿಯಂ ಬಿಡುತ್ತದೆ, ಬೈಕಾರ್ಬೊನೇಟ್ ಹಾಗೆಯೇ ಉಳಿಯುತ್ತದೆ. ಸೋಡಿಯಂ ಸೇರಿದ ಮಣ್ಣಿನ ಕಣಗಳು ಚದುರಿ ಮೇಲ್ಮೈ ಹೆಂಟೆಗಟ್ಟುತ್ತದೆ, ನೀರು ಇಂಗುವುದಿಲ್ಲ. ತೋಟದ ನಲ್ಲಿಗೆ, ನೀರು ಸಾಫ್ಟನರಿಗೆ ಹೋಗುವ ಮೊದಲೇ ಬೇರೆ ಲೈನ್ ಎಳೆಸಬೇಕು. ಪ್ಲಂಬರನಿಗೆ ಅರ್ಧ ದಿನದ ಕೆಲಸ. ಅಪಾರ್ಟ್‌ಮೆಂಟಿನಲ್ಲಿ ಎಸ್‌ಟಿಪಿ ನೀರು (ಸಂಸ್ಕರಿಸಿದ ಕೊಳಚೆ ನೀರು) ಬಳಸುವವರು ಅದರ ಸೋಡಿಯಂ ಮತ್ತು ಕ್ಲೋರೈಡ್ ಎಷ್ಟೆಂದು ವರ್ಷಕ್ಕೊಮ್ಮೆ ನೋಡಿಸಲಿ.

ಈಗ ಮಾದರಿ ತೆಗೆಯುವ ವಿಚಾರ. ವರದಿ ತಪ್ಪಾಗುವುದು ಹೆಚ್ಚಾಗಿ ಇಲ್ಲೇ. ಗೇಟಿನ ಪಕ್ಕ ಒಂದು ಹಿಡಿ ಮಣ್ಣು ಬಾಚಿ ಕೊಟ್ಟರೆ ಅದು ಗೇಟಿನ ಪಕ್ಕದ ವರದಿ ಅಷ್ಟೆ. ಅಂಕುಡೊಂಕಾಗಿ ನಡೆಯುತ್ತ 10ರಿಂದ 15 ಕಡೆ ಗುರುತು ಮಾಡಿ. ಹುಲ್ಲು, ಒಣ ಗರಿ ಸರಿಸಿ, ಕುರ್ಪಿಯಿಂದ ಇಂಗ್ಲಿಷಿನ ವಿ ಆಕಾರದಲ್ಲಿ ಗುಂಡಿ ತೋಡಿ, ಅದರ ಒಂದು ಮಗ್ಗುಲಿನಿಂದ ಮೇಲಿಂದ ಕೆಳಗಿನವರೆಗೆ ಒಂದಿಂಚು ದಪ್ಪದ ಪದರ ಕೆರೆದು ತೆಗೆಯಬೇಕು. ಬೆಳೆದ ಲಾನ್ ಆದರೆ 10 ಸೆಂ.ಮೀ. ಆಳ ಸಾಕು, ಹೊಸದಾಗಿ ಹಾಕುವುದಾದರೆ 15. ಗೋಡೆಗೆ ಅಂಟಿದ ಎರಡಡಿ, ಗೊಬ್ಬರ ರಾಶಿ ಹಾಕಿದ್ದ ಜಾಗ, ನಾಯಿ ಮೂತ್ರ ಮಾಡುವ ಮೂಲೆ ಬಿಡಿ. ಮುಂದಿನ ಅಂಗಳ, ಹಿತ್ತಲು ಬೇರೆ ಬೇರೆ ಮಾದರಿಯಾಗಲಿ.

ಮಣ್ಣು ಹಾಕಲು ಪ್ಲಾಸ್ಟಿಕ್ ಬಕೆಟ್ ಬಳಸಿ. ಜಿಂಕ್ ಲೇಪದ ತಗಡಿನ ಬಕೆಟಾದರೆ ವರದಿಯಲ್ಲಿ ಸತು ಸುಳ್ಳೇ ಹೆಚ್ಚು ಕಾಣುತ್ತದೆ. ಎಲ್ಲ ಬೆರೆಸಿ, ಹಾಳೆಯ ಮೇಲೆ ಹರಡಿ ನಾಲ್ಕು ಪಾಲು ಮಾಡಿ, ಎದುರುಬದುರಿನ ಎರಡು ಪಾಲು ತೆಗೆದುಹಾಕಿ, ಅರ್ಧ ಕೆ.ಜಿ. ಉಳಿಯುವ ತನಕ ಇದೇ ರೀತಿ. ನೆರಳಲ್ಲಿ ಒಣಗಿಸಿ, ಬಟ್ಟೆ ಚೀಲಕ್ಕೆ ತುಂಬಿ, ಪೆನ್ಸಿಲ್‌ನಲ್ಲಿ ಚೀಟಿ ಬರೆದು ಹಾಕಿ. ಪೆನ್ನಿನ ಶಾಯಿ ತೇವಕ್ಕೆ ಕದಡುತ್ತದೆ. ಗೊಬ್ಬರ ಹಾಕಿ ಎರಡು ತಿಂಗಳಾದರೂ ಕಳೆದಿರಬೇಕು. ಬೆಂಗಳೂರಿನವರಿಗೆ ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣ, ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆ ಇವೆ. ಬೇರೆಡೆ ಕೃಷಿ ವಿಜ್ಞಾನ ಕೇಂದ್ರಗಳು, ಕೃಷಿ ಇಲಾಖೆಯ ಪ್ರಯೋಗಾಲಯಗಳು. ಕಬ್ಬಿಣ, ಸತು, ಮ್ಯಾಂಗನೀಸ್ ಕೂಡ ಬೇಕೆಂದು ಕೇಳಿ ಬರೆಸಬೇಕು. ಆನ್‌ಲೈನಿನಲ್ಲಿ ಸಿಗುವ, ನೆಲಕ್ಕೆ ಚುಚ್ಚುವ ಪಿಎಚ್, ತೇವ, ಬೆಳಕು ಮೂರನ್ನೂ ತೋರಿಸುತ್ತೇವೆನ್ನುವ ಮೀಟರುಗಳನ್ನು ನಂಬಬೇಡಿ.

ಪ್ರಯೋಗಾಲಯಕ್ಕೆ ಹೋಗುವ ಮುಂಚೆ ಅಡುಗೆಮನೆಯಲ್ಲೇ ಮಾಡಬಹುದಾದದ್ದು ಒಂದಿದೆ. ಆರಿಂಚು ಆಳದ ಒಣ ಮಣ್ಣು ಒಂದು ಚಮಚ ತೆಗೆದು ಅದರ ಮೇಲೆ ವಿನೆಗರ್ ಬಿಡಿ. ಬುರುಬುರು ನೊರೆ ಬಂದರೆ ಮಣ್ಣಿನಲ್ಲಿ ಬಿಡಿ ಸುಣ್ಣ ಇದೆ ಎಂದೇ ಅರ್ಥ. ಮುಂದಿನ ದಾರಿ ಕವಲೊಡೆಯುವುದು ಇಲ್ಲಿ.

ವರದಿ ಬಂದ ಮೇಲೆ ಮೊದಲು ನೋಡಬೇಕಾದ್ದು ರಸಸಾರ, ಆಮೇಲೆ ಸಾವಯವ ಇಂಗಾಲ. ಇಂಗಾಲ ಶೇ 0.5ಕ್ಕಿಂತ ಕಡಿಮೆ ಇದ್ದರೆ ಕೊರತೆ, 0.75 ದಾಟಿದರೆ ಉತ್ತಮ. ಕಬ್ಬಿಣ 4.5 ಪಿಪಿಎಂ (ಕೆ.ಜಿ. ಮಣ್ಣಿಗೆ ಮಿ.ಗ್ರಾಂ), ಸತು 0.6 ಪಿಪಿಎಂ ಕೆಳಗಿದ್ದರೆ ಕಡಿಮೆ. ರಂಜಕ ‘ಹೆಚ್ಚು’ ಎಂದು ಬಂದರೆ ಖುಷಿಪಡುವಂಥದ್ದೇನಿಲ್ಲ: ವರ್ಷಗಟ್ಟಲೆ ಡಿಎಪಿ, 17:17:17ರಂಥ ರಂಜಕವಿರುವ ಗೊಬ್ಬರ ಸುರಿದ ಲಾನ್‌ಗಳಲ್ಲಿ ಹೀಗಾಗುತ್ತದೆ, ಆ ರಂಜಕ ಕಬ್ಬಿಣಕ್ಕೂ ಸತುವಿಗೂ ಅಡ್ಡ ಬರುತ್ತದೆ. ವರದಿಯ ಶಿಫಾರಸು ಹೆಕ್ಟೇರಿಗೆ ಕೆ.ಜಿ. ಲೆಕ್ಕದಲ್ಲಿರುತ್ತದೆ. ಅದನ್ನು 10ರಿಂದ ಭಾಗಿಸಿದರೆ ಚದರ ಮೀಟರಿಗೆ ಗ್ರಾಂ ಸಿಗುತ್ತದೆ. 100 ಚದರಡಿ ಎಂದರೆ 9.3 ಚದರ ಮೀಟರ್.

ನೊರೆ ಬಾರದೆ ರಸಸಾರ 7.5ರಿಂದ 8ರ ಒಳಗಿದ್ದರೆ ಗಂಧಕ ಕೆಲಸ ಮಾಡುತ್ತದೆ. ಚದರ ಮೀಟರಿಗೆ ಒಂದು ಸಲಕ್ಕೆ 25 ಗ್ರಾಂ ಮೀರಬಾರದು, ವರ್ಷಕ್ಕೆ ಎರಡು ಸಲ. ಮಣ್ಣಿನ ಬ್ಯಾಕ್ಟೀರಿಯಾ ಅದನ್ನು ಆಮ್ಲವಾಗಿಸಲು ತೇವ ಬೇಕು, ತಿಂಗಳುಗಳು ಹಿಡಿಯುತ್ತವೆ. ‘ಹಾಕಿ ವಾರವಾಯಿತು, ಏನೂ ಆಗಲಿಲ್ಲ’ ಎಂದು ಮತ್ತೆ ಹಾಕಿದವರ ಲಾನ್ ಸುಡುತ್ತದೆ. ಸಾರಜನಕಕ್ಕೆ ಯೂರಿಯಾ ಬದಲು ಅಮೋನಿಯಂ ಸಲ್ಫೇಟ್ ಬಳಸಿದರೆ ಅದೂ ಕ್ಷಾರ ಇಳಿಸುತ್ತದೆ. ಚದರ ಮೀಟರಿಗೆ 25 ಗ್ರಾಂ, ಎಲೆಯ ಮೇಲೆ ತೇವವಿಲ್ಲದಾಗ ಎರಚಿ ಕೂಡಲೇ ನೀರು ಹಾಯಿಸಬೇಕು. ಹುಲ್ಲು ಬೆಳೆಯುವ ಕಾಲದಲ್ಲಿ ವರ್ಷಕ್ಕೆ ಮೂರು ಅಥವಾ ನಾಲ್ಕು ಸಲ. ಮೆಕ್ಸಿಕನ್ ಹುಲ್ಲಿಗೆ ಎರಡು ಅಥವಾ ಮೂರು ಸಾಕು.

ನೊರೆ ಬಂದರೆ ಗಂಧಕಕ್ಕೆ ದುಡ್ಡು ಹಾಕಬೇಡಿ. 15 ಸೆಂ.ಮೀ. ಆಳಕ್ಕೆ ಒಂದು ಚದರ ಮೀಟರಿನಲ್ಲಿ ಸುಮಾರು 200 ಕೆ.ಜಿ. ಮಣ್ಣಿರುತ್ತದೆ. ಅದರಲ್ಲಿ ಬರೀ ಶೇ 1ರಷ್ಟು ಸುಣ್ಣ ಇದ್ದರೂ 2 ಕೆ.ಜಿ. ಆಯಿತು, ಅದನ್ನು ಕರಗಿಸಲು 650 ಗ್ರಾಂ ಗಂಧಕ ಬೇಕು. ವರ್ಷಕ್ಕೆ 50 ಗ್ರಾಂ ಲೆಕ್ಕದಲ್ಲಿ ಹದಿಮೂರು ವರ್ಷ, ಅಷ್ಟರಲ್ಲಿ ಬೋರ್ ನೀರು ಮತ್ತೆ ತುಂಬಿರುತ್ತದೆ. ಇಲ್ಲಿ ಎರಡೇ ದಾರಿ. ಲಾನ್ ಹೊಸದಾಗಿ ಹಾಕುವುದಿದ್ದರೆ ಆರಿಂಚು ಅಗೆದು ಹೊರಗೆ ಸಾಗಿಸಿ ಬೇರೆ ಮಣ್ಣು ತುಂಬಿಸುವುದು. 600 ಚದರಡಿಗೆ 300 ಘನ ಅಡಿ, ಮೂರು ಪಾಲು ಕೆಂಪು ಮಣ್ಣಿಗೆ ಒಂದು ಪಾಲು ಕಳಿತ ಕಾಂಪೋಸ್ಟ್. ಹಾಕಿಯಾಗಿದ್ದರೆ ಕಬ್ಬಿಣವನ್ನು ಎಲೆಗೇ ಕೊಡುವುದು; ಸುಣ್ಣ ಹೆಚ್ಚಿದ ಮಣ್ಣಿನಲ್ಲಿ ಕಬ್ಬಿಣ ಇದ್ದರೂ ಬೇರಿಗೆ ಸಿಗುವುದಿಲ್ಲ, ಹುಲ್ಲು ಹಳದಿಯಾಗುವುದು ಅದಕ್ಕೇ.

ಹಳದಿ ಯಾವ ಎಲೆಯಲ್ಲಿದೆ ಎಂದು ಬಗ್ಗಿ ನೋಡಿ. ಹಳೆಯ, ಕೆಳಗಿನ ಎಲೆ ಮೊದಲು ಹಳದಿಯಾದರೆ ಸಾರಜನಕದ ಕೊರತೆ. ಹೊಸ ಗರಿಯಲ್ಲಿ ನಾಳಗಳು ಹಸಿರಾಗಿದ್ದು ನಡುವೆ ಉದ್ದುದ್ದ ಹಳದಿ ಗೆರೆ ಕಂಡರೆ ಕಬ್ಬಿಣದ್ದು. ಅದಕ್ಕೆ ಯೂರಿಯಾ ಕೊಟ್ಟರೆ ಹುಲ್ಲು ಬೇಗ ಬೆಳೆದು ಇನ್ನಷ್ಟು ಬಿಳಚಿಕೊಳ್ಳುತ್ತದೆ. ಲೀಟರ್ ನೀರಿಗೆ 5 ಗ್ರಾಂ ಅನ್ನಭೇದಿ, ಅಂದರೆ ಫೆರಸ್ ಸಲ್ಫೇಟ್, 1 ಗ್ರಾಂ ಸಿಟ್ರಿಕ್ ಆಮ್ಲ ಬೆರೆಸಿ ಸಂಜೆ ಸಿಂಪಡಿಸಬೇಕು. 600 ಚದರಡಿಗೆ ಐದಾರು ಲೀಟರ್ ಹಿಡಿಯುತ್ತದೆ. ಹತ್ತು ಹದಿನೈದು ದಿನಕ್ಕೊಮ್ಮೆ ಮೂರು ಸಲ. ಬೋರ್ ನೀರಿನಲ್ಲಿ ಕರಗಿಸಿದರೆ ಅರ್ಧ ಗಂಟೆಯಲ್ಲಿ ಚಹಾದ ಬಣ್ಣಕ್ಕೆ ತಿರುಗಬಹುದು. ಹಾಗಾದರೆ ಕಬ್ಬಿಣ ಆಗಲೇ ನಿಷ್ಪ್ರಯೋಜಕ. ಮಳೆ ನೀರು ಅಥವಾ ಆರ್‌ಒ ನೀರು ಬಳಸಿ, ಆಗಿಂದಾಗಲೇ ಕಲಸಿ. ಗ್ರಾನೈಟ್ ಮೆಟ್ಟಿಲು, ಟೈಲ್ಸ್ ಮೇಲೆ ಒಂದು ಹನಿ ಬಿದ್ದರೂ ತುಕ್ಕಿನ ಕಲೆ. ಮೊದಲೇ ಪ್ಲಾಸ್ಟಿಕ್ ಹಾಳೆ ಹಾಸಿರಬೇಕು.

ಸುಣ್ಣವೇ ಬೇಡವೆಂದಲ್ಲ. ಕರಾವಳಿ, ಮಲೆನಾಡಿನ ಜಂಬಿಟ್ಟಿಗೆ ಮಣ್ಣಿನಲ್ಲಿ ಮಳೆ ಕ್ಯಾಲ್ಸಿಯಂ, ಮೆಗ್ನೀಸಿಯಂ ತೊಳೆದುಬಿಡುತ್ತದೆ. ಅಲ್ಲಿ ವರದಿ 5.5ಕ್ಕಿಂತ ಕಡಿಮೆ ತೋರಿಸಿದರೆ ಚದರ ಮೀಟರಿಗೆ 150ರಿಂದ 250 ಗ್ರಾಂ ಕೃಷಿ ಸುಣ್ಣ ಅಥವಾ ಡೋಲೋಮೈಟ್ (ಮೆಗ್ನೀಸಿಯಂ ಕೂಡ ಇರುವ ಸುಣ್ಣಕಲ್ಲಿನ ಪುಡಿ) ಹಾಕಲೇಬೇಕು. ಬಣ್ಣದ ಅಂಗಡಿಯ ಅರಳಿದ ಸುಣ್ಣ ಬೇಡ, ಅದು ಎಲೆ ಸುಡುತ್ತದೆ. ಸುಣ್ಣ ಮತ್ತು ಯೂರಿಯಾ ಒಂದೇ ದಿನ ಹಾಕಿದರೆ ಸಾರಜನಕ ಅಮೋನಿಯಾ ಆಗಿ ಗಾಳಿಗೆ ಹೋಗುತ್ತದೆ. ಎರಡು ಮೂರು ವಾರದ ಅಂತರವಿರಲಿ. ಜಿಪ್ಸಂ ಬೇರೆಯೇ ವಸ್ತು, ರಸಸಾರ ಏರಿಸಲು ಅದು ಬಾರದು. ಮುಖ್ಯವಾಗಿ ಸೋಡಿಯಂ ಹೆಚ್ಚಿದ ಮಣ್ಣಿಗೆ ಅದರ ಉಪಯೋಗ, ಉತ್ತರ ಕರ್ನಾಟಕದ ಚೌಳು ನೆಲಕ್ಕೆ ಹಾಕುವ ಹಾಗೆ. ‘ಗಟ್ಟಿ ಮಣ್ಣು ಸಡಿಲಾಗುತ್ತೆ’ ಎಂದು ಮಾರುವವರ ಮಾತು ಎಲ್ಲ ಮಣ್ಣಿಗೂ ಹೊಂದುವುದಿಲ್ಲ.

ಕೊನೆಗೆ ಆ ಕೆಂಪು ಮಣ್ಣಿನ ಲೋಡ್. ಪ್ರತಿ ವರ್ಷ ಒಂದಿಂಚು ಹರಡಿಸುವ ರೂಢಿಯಿಂದ ಆಗುವುದು ಮೂರು: ಲಾನ್ ಮಟ್ಟ ಏರಿ ಮಳೆ ನೀರು ವರಾಂಡಕ್ಕೆ ಹರಿಯುತ್ತದೆ, ಪದರದ ಮೇಲೆ ಪದರ ಕೂತು ನೀರು ನಡುವೆ ನಿಲ್ಲುತ್ತದೆ, ಜೇಕು ಕಳೆಯ ಗಡ್ಡೆ ಉಚಿತವಾಗಿ ಬರುತ್ತದೆ. ಜೇಕು ಒಮ್ಮೆ ಕಾಲಿಟ್ಟರೆ ಕಿತ್ತಷ್ಟೂ ಚಿಗುರುತ್ತದೆ. ಮಣ್ಣಿನ ಬದಲು ಜರಡಿ ಹಿಡಿದ ಕಾಂಪೋಸ್ಟ್ ಸಾಕು. ಮೊದಲು ಗಾರ್ಡನ್ ಫೋರ್ಕಿನಿಂದ ಅಂಗೈ ಅಗಲಕ್ಕೊಂದರಂತೆ ನಾಲ್ಕಿಂಚು ಆಳದ ತೂತು ಹೊಡೆದು, 100 ಚದರಡಿಗೆ 15 ಲೀಟರಿನ ಬಕೆಟ್‌ನಲ್ಲಿ ನಾಲ್ಕು ಬಕೆಟ್ ಹರಡಿ, ಕಡ್ಡಿ ಪೊರಕೆಯಿಂದ ಗುಡಿಸಿ ತೂತಿಗೆ ಇಳಿಸಿ. ಹುಲ್ಲಿನ ತುದಿ ಮೇಲೆ ಕಾಣುತ್ತಿರಬೇಕು. ಹಸಿ ಕೊಟ್ಟಿಗೆ ಗೊಬ್ಬರ ಬೇಡ. ಗೊಣ್ಣೆ ಹುಳು, ಕಳೆ ಬೀಜ ಎರಡೂ ಅದರ ಜೊತೆಗೇ ಬರುತ್ತವೆ. ಜೇಡಿ ಹೆಚ್ಚಿರುವ ನೆಲಕ್ಕೆ ನಾಲ್ಕು ಬುಟ್ಟಿ ಮರಳು ಸೇರಿಸುವುದೂ ತಪ್ಪು, ಒಣಗಿದಾಗ ಗಚ್ಚಿನಂತಾಗುತ್ತದೆ.

ಸಂಪಾದಕರಲ್ಲಿ ಒಂದು ಕೋರಿಕೆ. ಪತ್ರಿಕೆಯ ತೋಟಗಾರಿಕೆ ಪುಟದಲ್ಲಿ ಸುಣ್ಣ, ಗಂಧಕ, ಜಿಪ್ಸಂ ಪ್ರಮಾಣ ಪ್ರಕಟಿಸುವಾಗ ಅದು ಯಾವ ರಸಸಾರದ ಮಣ್ಣಿಗೆ ಎಂಬುದನ್ನೂ ಅದೇ ಸಾಲಿನಲ್ಲಿ ಕೊಡಿ. ಪ್ರಯೋಗಾಲಯದವರು ಮನೆ ತೋಟದ ಮಾದರಿಗೆ ಹೆಕ್ಟೇರಿನ ಜೊತೆ ಚದರ ಮೀಟರಿನ ಲೆಕ್ಕವನ್ನೂ ಬರೆದುಕೊಟ್ಟರೆ ಉಪಕಾರ. ಮಾದರಿ ಕೊಡಲು ಏಪ್ರಿಲ್ ಒಳ್ಳೆಯದು, ವರದಿ ಕೈಸೇರುವ ಹೊತ್ತಿಗೆ ಮೊದಲ ಮಳೆ ಬಿದ್ದು ನೆಲ ಹದಕ್ಕೆ ಬಂದಿರುತ್ತದೆ. ಮತ್ತೆ ಪರೀಕ್ಷೆ ಮೂರು ವರ್ಷಕ್ಕೊಮ್ಮೆ ಸಾಕು. ಬೋರ್ ನೀರಿನವರು ರಸಸಾರವನ್ನು ಮಾತ್ರ ಪ್ರತಿ ವರ್ಷ ನೋಡಿಸಿ.

– ಮಣ್ಣು ಪರೀಕ್ಷೆಯ ಕೆಲಸ ಬಲ್ಲ ಓದುಗರು, ಬೆಂಗಳೂರು