ಸೋಮವಾರದ ಹದಿನಾರು ಮಂದಿಗೆ

ಗ್ರೀನ್ ಕಾರ್ಡ್ ಬಂತೆಂದು ತಿಳಿದು ಅಭಿನಂದಿಸಿದ ಎಲ್ಲರಿಗೂ ಉತ್ತರ ಬರೆದು ಮುಗಿಸಿದ್ದೇನೆ. ಕಾಗದಪತ್ರ ನೋಡಿಕೊಂಡ ವಕೀಲರಿಗೆ, ಹಬ್ಬ ಹುಣ್ಣಿಮೆಗೆ ತಪ್ಪದೆ ಕರೆದು ಊಟ ಹಾಕಿದ ನ್ಯೂಜೆರ್ಸಿಯ ಎಡಿಸನ್ ಊರಿನ ಸ್ನೇಹಿತರಿಗೆ, ಮೈಸೂರಿನ ಮನೆಯ ಹೊಣೆಯನ್ನೆಲ್ಲ ಹೊತ್ತ ಅಕ್ಕ ಭಾವನಿಗೆ ಹೇಳಬೇಕಾದುದನ್ನು ಹೇಳಿಯಾಗಿದೆ. ಇನ್ನು ಉಳಿದವರು ಹದಿನಾರು ಮಂದಿ. ನ್ಯೂಯಾರ್ಕಿನಲ್ಲಿ ಸೋಮವಾರ ರಾತ್ರಿ ನುಡಿಸುವ ವ್ಯಾನ್‌ಗಾರ್ಡ್ ಜಾಝ್ ಆರ್ಕೆಸ್ಟ್ರಾದವರು. ಅವರಿಗೆ ನನ್ನ ಪರಿಚಯವಿಲ್ಲ, ಕನ್ನಡವಂತೂ ಬಾರದು. ಆದರೂ ಕನ್ನಡದಲ್ಲಿಯೇ ಬರೆಯುತ್ತಿದ್ದೇನೆ. ಇಷ್ಟು ವರ್ಷ ಸೋಮವಾರ ರಾತ್ರಿ ನಾನು ಫೋನ್ ಎತ್ತುತ್ತಿರಲಿಲ್ಲ ಏಕೆ ಎಂದು ನನ್ನವರಿಗೂ ತಿಳಿಯಲಿ.

ಭಾರತದಲ್ಲಿ ಹುಟ್ಟಿ, ಉದ್ಯೋಗದ ಆಧಾರದ ಮೇಲೆ ಅಮೆರಿಕದ ಕಾಯಂ ವಾಸಕ್ಕೆ ಅರ್ಜಿ ಹಾಕಿದವರ ಪಾಡು ಬಲ್ಲವರೇ ಬಲ್ಲರು. ವರ್ಷವೊಂದರಲ್ಲಿ ಕೊಡುವ ಇಂಥ ವೀಸಾಗಳಲ್ಲಿ ಯಾವುದೇ ಒಂದು ದೇಶದವರಿಗೆ ಶೇ 7ಕ್ಕಿಂತ ಹೆಚ್ಚು ಸಲ್ಲದು ಎನ್ನುತ್ತದೆ ಕಾನೂನು. ಅಂಗೈಯಗಲದ ದೇಶಕ್ಕೂ ಅದೇ ಮಿತಿ, ನಮಗೂ ಅದೇ. ಯಾವ ದಿನಾಂಕದವರೆಗಿನ ಅರ್ಜಿಗಳ ಸರದಿ ಬಂದಿದೆ ಎಂದು ತಿಳಿಸುವ ವೀಸಾ ಬುಲೆಟಿನ್ ಪ್ರತಿ ತಿಂಗಳು ಬರುತ್ತದೆ. ಅದರಲ್ಲಿನ ದಿನಾಂಕ ಒಮ್ಮೆ ಮುಂದೆ ಸರಿಯುತ್ತದೆ, ಒಮ್ಮೆ ನಿಂತಲ್ಲೇ ನಿಲ್ಲುತ್ತದೆ, ಇದ್ದಕ್ಕಿದ್ದಂತೆ ವರ್ಷಗಟ್ಟಲೆ ಹಿಂದಕ್ಕೂ ಹೋಗುತ್ತದೆ. ಕೆಲಸ ಬಿಡುವ ಹಾಗಿಲ್ಲ, ಮನೆ ಕೊಳ್ಳುವ ಧೈರ್ಯವಿಲ್ಲ, ಊರಿಗೆ ಹೋದರೆ ಮರಳಿ ಬರಲು ವೀಸಾ ಮುದ್ರೆ ಸಿಗುತ್ತದೆಯೋ ಇಲ್ಲವೋ ಎಂಬ ಅಳುಕು. ತಂದೆಯವರ ಕೊನೆಯ ದಿನಗಳಲ್ಲಿ ನಾನು ಮೈಸೂರಿನಲ್ಲಿ ಇರಲಿಲ್ಲ. ಅದರ ಬಗ್ಗೆ ಇಷ್ಟು ಸಾಕು.

ಆಗ ಕಚೇರಿಯಲ್ಲಿ ನನ್ನ ಪಕ್ಕದ ಮೇಜಿನಲ್ಲಿದ್ದ ಹಿರಿಯರೊಬ್ಬರು, ನಿವೃತ್ತಿಗೆ ಕೆಲವೇ ತಿಂಗಳು ಉಳಿದಿದ್ದವರು, ಏನನ್ನೂ ಕೇಳದೆ ಒಂದು ಸೋಮವಾರ ಸಂಜೆ ನ್ಯೂಜೆರ್ಸಿಯಿಂದ ನ್ಯೂಯಾರ್ಕಿಗೆ ಹೋಗುವ ಪಾತ್ ರೈಲಿಗೆ ಹತ್ತಿಸಿ ಕರೆದುಕೊಂಡು ಹೋದರು. ಗ್ರೆನಿಚ್ ವಿಲೇಜಿನ ಸೆವೆಂತ್ ಅವೆನ್ಯೂ ಸೌತ್‌ನಲ್ಲಿ ಒಂದು ಕೆಂಪು ಬಾಗಿಲು, ಕೆಳಗಿಳಿಯುವ ಕಡಿದಾದ ಮೆಟ್ಟಿಲು, ಕೆಳಗೆ ಮೂಲೆಗೆ ಹೋಗುತ್ತ ಕಿರಿದಾಗುವ ಒಂದು ಕೋಣೆ. ಅದೇ ವಿಲೇಜ್ ವ್ಯಾನ್‌ಗಾರ್ಡ್. ಮ್ಯಾಕ್ಸ್ ಗಾರ್ಡನ್ ಎಂಬವರು 1935ರಿಂದ ಆ ನೆಲಮಾಳಿಗೆಯಲ್ಲಿ ನಡೆಸಿದ ಕ್ಲಬ್ಬು. ಅವರು 1989ರಲ್ಲಿ ತೀರಿಕೊಂಡ ಮೇಲೆ ಹೆಂಡತಿ ಲೊರೇನ್ ನಡೆಸಿದರು, ಆಕೆಯ ನಂತರ ಮಗಳು. ಜಾಝ್ ದಿಗ್ಗಜರಾದ ಜಾನ್ ಕೋಲ್ಟ್ರೇನ್, ಬಿಲ್ ಇವಾನ್ಸ್ 1961ರಲ್ಲಿ ನುಡಿಸಿ ಧ್ವನಿಮುದ್ರಿಸಿದ್ದು ಅಲ್ಲಿಯೇ. ಇಷ್ಟು ಕೀರ್ತಿಯ ಜಾಗದಲ್ಲಿ ಕೂರುವುದಕ್ಕೆ ಇರುವುದು 123 ಆಸನ ಮಾತ್ರ. ಕಲಾವಿದರಿಗೆ ಪ್ರತ್ಯೇಕ ಕೋಣೆಯೂ ಇಲ್ಲ, ಹಿಂದಿನ ಹಳೆಯ ಅಡುಗೆಮನೆಯೇ ಎಲ್ಲದಕ್ಕೂ. ಹದಿನಾರು ಮಂದಿ ವಾದ್ಯಗಳೊಂದಿಗೆ ಅಲ್ಲಿಂದ ಹೊರಬಂದು, ಮೇಜುಗಳ ನಡುವೆ ನುಸುಳಿ, ಪುಟ್ಟ ವೇದಿಕೆಯನ್ನು ಏರುವುದನ್ನು ನೋಡುವುದೇ ಒಂದು ಕಾರ್ಯಕ್ರಮ. ಐದು ಸ್ಯಾಕ್ಸೊಫೋನ್ ಮುಂದೆ, ಹಿಂದೆ ನಾಲ್ಕು ಟ್ರೊಂಬೋನ್, ಅದರ ಹಿಂದೆ ನಾಲ್ಕು ಟ್ರಂಪೆಟ್, ಒಂದು ಬದಿಗೆ ಪಿಯಾನೊ, ಬಾಸ್, ಡ್ರಮ್ಸ್.

ಸೋಮವಾರವೇ ಏಕೆ ಎಂಬುದಕ್ಕೆ ಒಂದು ಕಥೆಯಿದೆ. ಥ್ಯಾಡ್ ಜೋನ್ಸ್ ಟ್ರಂಪೆಟ್ ವಾದಕರು, ಕೌಂಟ್ ಬೇಸಿಯವರ ತಂಡದಲ್ಲಿ ವರ್ಷಗಟ್ಟಲೆ ಇದ್ದವರು. ಬೇಸಿಯವರಿಗಾಗಿ ಬರೆದ ಒಂದಿಷ್ಟು ರಚನೆಗಳು ತಮ್ಮ ತಂಡದ ಶೈಲಿಗೆ ಹೊಂದುವುದಿಲ್ಲ ಎಂದು ಬೇಸಿ ಅವನ್ನು ಹಿಂದಿರುಗಿಸಿದರು. ಹಾಗೆ ಉಳಿದ ಹಾಳೆಗಳೇ ಹೊಸ ತಂಡಕ್ಕೆ ಬಂಡವಾಳವಾದವು. ಡ್ರಮ್ಸ್ ವಾದಕ ಮೆಲ್ ಲೂಯಿಸ್ ಜೊತೆಗೂಡಿದರು. ಸೇರಿದವರೆಲ್ಲ ಹಗಲಿಡೀ ಸ್ಟುಡಿಯೊಗಳಲ್ಲಿ ದುಡಿಯುತ್ತಿದ್ದ ವಾದಕರು, ಆದ್ದರಿಂದ ತಾಲೀಮು ನಡುರಾತ್ರಿಯ ನಂತರ. ಸೋಮವಾರ ಕ್ಲಬ್ಬುಗಳಿಗೆ ಮಂಕು ದಿನ, ವಾದಕರಿಗೂ ಬಿಡುವು. 1966ರ ಫೆಬ್ರುವರಿ 7ರ ಸೋಮವಾರ ವ್ಯಾನ್‌ಗಾರ್ಡ್‌ನಲ್ಲಿ ಮೊದಲ ಸಂಗೀತ ಕಚೇರಿ ನಡೆಯಿತು. ಥ್ಯಾಡ್ ಹತ್ತು ವರ್ಷಕ್ಕೂ ಹೆಚ್ಚು ಕಾಲದ ನಂತರ ತಂಡ ಬಿಟ್ಟು ಡೆನ್ಮಾರ್ಕಿಗೆ ಹೋದರು, ಮೆಲ್ ಮುಂದುವರಿಸಿದರು. 1990ರಲ್ಲಿ ಮೆಲ್ ತೀರಿಕೊಂಡರು. ಹೆಸರಿಗೆ ಯಜಮಾನರಿಲ್ಲದ ತಂಡ ಜಾಗದ ಹೆಸರನ್ನೇ ಇಟ್ಟುಕೊಂಡು ಮತ್ತೆ ಸೋಮವಾರ ಬಂದು ಕುಳಿತಿತು. ಸಂಸ್ಥಾಪಕರು ಹೋದೊಡನೆ ಸಂಘಗಳು ಎರಡಾಗುವುದನ್ನು ಎಷ್ಟು ನೋಡಿಲ್ಲ ನಾವು! ಇವರು ಒಡೆಯಲಿಲ್ಲ.

ನನಗೆ ಸಾಲಾಗಿ ನಿಂತ ಹಿತ್ತಾಳೆ ವಾದ್ಯಗಳೆಂದರೆ ದಸರೆಯ ಪೊಲೀಸ್ ಬ್ಯಾಂಡ್. ಸ್ಯಾಕ್ಸೊಫೋನ್ ಎಂದರೆ ಕದ್ರಿ ಗೋಪಾಲನಾಥರು, ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಅದನ್ನು ಕಂಡು ಮರುಳಾಗಿ, ಆ ಲೋಹದ ಕೊಳವೆಯಿಂದ ಗಮಕ ಎಳೆದು ತೆಗೆದವರು. ಹಾಗಾಗಿ ಮೊದಲ ರಾತ್ರಿ ಥ್ಯಾಡ್ ಜೋನ್ಸರ ಬರಹಕ್ಕೆ ಐದು ಸ್ಯಾಕ್ಸೊಫೋನ್‌ಗಳು ಒಟ್ಟಿಗೆ ಎದ್ದು ನುಡಿಸಿದಾಗ ಕಿವಿ ತಬ್ಬಿಬ್ಬಾಯಿತು. ಐವರಿಗೂ ಒಂದೇ ಲಯ, ಒಬ್ಬೊಬ್ಬರಿಗೂ ಬೇರೆ ಬೇರೆ ಸ್ವರ, ಅದೂ ಒಂದಕ್ಕೊಂದು ಅಂಟಿಕೊಂಡ ಸ್ವರ. ಷಡ್ಜದ ಮೈಗೆ ಶುದ್ಧ ರಿಷಭ ತಾಗಿಸಿ ಇಬ್ಬರು ಒಟ್ಟಿಗೆ ಊದಿದರೆ ನಮ್ಮಲ್ಲಿ ಶ್ರುತಿ ಸೇರಲಿಲ್ಲ ಎನ್ನುತ್ತೇವೆ. ಇಲ್ಲಿ ಆ ಉಜ್ಜಾಟವೇ ರುಚಿ. ಮೇಲಿನ ಸ್ವರ ಆಲ್ಟೊ ಸ್ಯಾಕ್ಸೊಫೋನಿನಲ್ಲಿ ಡಿಕ್ ಓಟ್ಸ್ ಅವರದು, 1977ರಿಂದ ಈ ತಂಡದಲ್ಲಿರುವವರು. ಉಳಿದ ನಾಲ್ವರು ಅವರ ಉಸಿರನ್ನೇ ಉಸಿರಾಡುತ್ತಾರೆ. ಅವರು ಒಂದು ಸ್ವರವನ್ನು ಕೊಂಚ ತಡೆದು ಬಿಟ್ಟರೆ ಎಲ್ಲರೂ ಅಷ್ಟೇ ತಡೆದು ಬಿಡುತ್ತಾರೆ. ಕಾಗದದಲ್ಲಿ ಅದು ಬರೆದಿರುವುದಿಲ್ಲ.

ತಾಳದ ಚಟ ಹೋಗುತ್ತದೆಯೇ? ತೊಡೆಯ ಮೇಲೆ ಎಂಟೆಣಿಕೆಯ ಆದಿತಾಳ ಹಾಕುತ್ತ ಕುಳಿತೆ. ಇವರ ಅನೇಕ ರಚನೆಗಳು ಮೂವತ್ತೆರಡು ಮಾತ್ರೆಗಟ್ಟುಗಳ ಸುತ್ತು, ಒಂದೊಂದು ಕಟ್ಟಿನಲ್ಲಿ ನಾಲ್ಕು ಎಣಿಕೆ. ಅಂದರೆ ಸರಿಯಾಗಿ ಹದಿನಾರು ಆವರ್ತ. ಲೆಕ್ಕ ಸಿಕ್ಕಮೇಲೆ ಒಬ್ಬರೇ ಎದ್ದು ತನಿ ನುಡಿಸುವವರು ಎಷ್ಟು ದೂರ ಹೋದರೂ ಎಲ್ಲಿ ಬಂದು ಸೇರುತ್ತಾರೆಂದು ತಿಳಿಯತೊಡಗಿತು. ಆದರೆ ಒತ್ತು ಬೀಳುವುದು ಎರಡು ಮತ್ತು ನಾಲ್ಕನೆಯ ಎಣಿಕೆಗೆ, ನನ್ನ ಕೈ ಮಾತ್ರ ತಾಳ ಶುರುವಾಗುವ ಸಮಕ್ಕೇ ಹಟ ಹಿಡಿಯುತ್ತಿತ್ತು. ಪಕ್ಕದ ಮೇಜಿನ ಅಜ್ಜಿಯೊಬ್ಬರು ನನ್ನ ಬೆರಳೆಣಿಕೆಯನ್ನು ಬಹಳ ಹೊತ್ತು ನೋಡಿ, ಕೊನೆಗೆ ತಾವೂ ಕಿರುಬೆರಳಿನಿಂದ ಎಣಿಸತೊಡಗಿದರು.

ಮೊದಮೊದಲು ತನಿ ನುಡಿಸಲು ಏಳುವವರನ್ನೇ ನೋಡುತ್ತಿದ್ದೆ. ಗ್ಯಾರಿ ಸ್ಮುಲಿಯನ್ ಮಂದ್ರ ದನಿಯ ಬ್ಯಾರಿಟೋನ್ ಸ್ಯಾಕ್ಸೊಫೋನ್ ಎತ್ತಿಕೊಂಡರೆ ಕುರ್ಚಿಯ ಕಾಲು ನಡುಗುತ್ತದೆ, ನೋಡದಿರಲು ಸಾಧ್ಯವೂ ಇಲ್ಲ. ಬರುಬರುತ್ತ ಕಣ್ಣು ಏಳದೆ ಕುಳಿತವರ ಕಡೆ ತಿರುಗಿತು. ಮೂರನೆಯ ಟ್ರೊಂಬೋನ್, ನಾಲ್ಕನೆಯ ಟ್ರಂಪೆಟ್. ಕೆಲವು ರಾತ್ರಿ ಎರಡು ಪಾಳಿಯಲ್ಲಿ ಒಮ್ಮೆಯೂ ಅವರಿಗೆ ತನಿ ಬರುವುದಿಲ್ಲ. ಆದರೆ ಅವರ ಸ್ವರವೊಂದನ್ನು ತೆಗೆದರೆ ಆ ಸ್ವರಗುಚ್ಛ ಬೇರೆಯೇ ಆಗಿಬಿಡುತ್ತದೆ. ಬಾಸ್ ಟ್ರೊಂಬೋನಿನ ಡಗ್ಲಸ್ ಪರ್ವಿಯನ್ಸ್ ಅವರನ್ನು ನೋಡಲೆಂದೇ ನಾನು ಆ ಕಡೆ ಕುರ್ಚಿ ಹುಡುಕುತ್ತಿದ್ದೆ. ತುಂಬ ಹೊತ್ತು ಸುಮ್ಮನಿದ್ದು, ಎಲ್ಲರೂ ಮೇಲೇರುವಾಗ ಅವರೊಬ್ಬರು ತಳದಲ್ಲಿ ಒಂದೇ ಒಂದು ಉದ್ದ ಸ್ವರ ಇಡುತ್ತಾರೆ. ಡ್ರಮ್ಸಿನ ಜಾನ್ ರೈಲಿಯವರೂ ಅಷ್ಟೇ: ತಂಡದ ಸದ್ದಿನ ಮೇಲೆ ಹತ್ತಿ ಕೂರುವ ಆಸೆಯೇ ಅವರಿಗಿಲ್ಲ. ಈ ತಂಡದ ಪರವಾಗಿ ಕೆಲಸ ಮಾಡುವ ಲಾಭರಹಿತ ಸಂಸ್ಥೆಯ ಹೆಸರು ಸಿಕ್ಸ್‌ಟೀನ್ ಆ್ಯಸ್ ಒನ್. ಹೆಸರಿಗೆ ತಕ್ಕಂತೆ ನಡೆಯುವ ಸಂಸ್ಥೆಗಳು ಅಪರೂಪ, ಆದ್ದರಿಂದ ಹೇಳಿದೆ.

2020ರ ಮಾರ್ಚ್‌ನಲ್ಲಿ ಕೊರೊನಾದಿಂದ ಬಾಗಿಲು ಮುಚ್ಚಿತು. ಅಪ್ಪ ಹೋದದ್ದು ಆ ಅವಧಿಯಲ್ಲಿಯೇ. ಮನೆಯಲ್ಲಿ ಕುಳಿತು ಥ್ಯಾಡ್ ಜೋನ್ಸರ ‘ಎ ಚೈಲ್ಡ್ ಈಸ್ ಬಾರ್ನ್’ ಅನ್ನು ಧ್ವನಿಮುದ್ರಿಕೆಯಲ್ಲಿ ಕೇಳುತ್ತಿದ್ದೆ. ಮೂರು ಎಣಿಕೆಯ ನಿಧಾನದ ರಚನೆ, ಮಗು ಹುಟ್ಟಿದ್ದರ ಬಗ್ಗೆ. ಸಾವಿನ ಮನೆಗೆ ಏಕೆ ಹೊಂದಿತೋ, ಹೊಂದಿತು. 2021ರ ಸೆಪ್ಟೆಂಬರ್‌ನಲ್ಲಿ ಕ್ಲಬ್ ಮತ್ತೆ ತೆರೆಯಿತು. ಆ ಬಳಿಕ ಮತ್ತೆ ಕೆಳಗಿಳಿದು ಕುಳಿತ ಮೊದಲ ಸೋಮವಾರ ಆ ಹಿತ್ತಾಳೆಯ ಗಾಳಿ ಮುಖಕ್ಕೆ ಬಡಿದಾಗ ಅತ್ತೆ. ಮುಖಕ್ಕೆ ಮಾಸ್ಕ್ ಇದ್ದುದರಿಂದ ಯಾರಿಗೂ ತೊಂದರೆಯಾಗಲಿಲ್ಲ.

ಅಲ್ಲಿ ಎಲ್ಲವೂ ಸೊಗಸು ಎಂದೇನಿಲ್ಲ. ಟಿಕೆಟಿನ ಜೊತೆಗೆ ಒಂದು ಪಾನೀಯ ಕೊಳ್ಳಲೇಬೇಕು, ಮೊಣಕಾಲು ಚಾಚಲು ಜಾಗವಿಲ್ಲ, ಕಂಬದ ಹಿಂದೆ ಸಿಕ್ಕಿದರೆ ಅರ್ಧ ತಂಡ ಕಾಣುವುದಿಲ್ಲ. ಆದರೆ ನುಡಿಸುವಾಗ ಮಾತಾಡುವ ಹಾಗಿಲ್ಲ, ಫೋನ್ ತೆಗೆಯುವ ಹಾಗಿಲ್ಲ. ಈ ಒಂದು ಕಟ್ಟಳೆಯನ್ನು ನಮ್ಮ ರಾಮನವಮಿ ಚಪ್ಪರಗಳಿಗೂ ತರಬಾರದೇ?

ಈಗ ಕೆಲಸ ಬದಲಿಸುವ ಸ್ವಾತಂತ್ರ್ಯ ಬಂದಿದೆ, ನ್ಯೂಜೆರ್ಸಿ ಬಿಟ್ಟು ಹೊರಡುತ್ತಿದ್ದೇನೆ. ಬುಲೆಟಿನ್ನಿನ ದಿನಾಂಕ ಹಿಂದೆ ಸರಿದ ತಿಂಗಳಲ್ಲೂ ಮುಂದೆ ಸರಿದ ತಿಂಗಳಲ್ಲೂ ನೀವು ಸೋಮವಾರ ಬಂದು ಕುಳಿತಿರುತ್ತಿದ್ದಿರಿ. ಮಳೆಯ ರಾತ್ರಿ ಅರ್ಧ ಖಾಲಿಯಿದ್ದ ಕೋಣೆಗೂ ತುಂಬಿದ ಕೋಣೆಗೂ ಒಂದೇ ಸಮನಾಗಿ ನುಡಿಸಿದಿರಿ. ಡಿಕ್ ಓಟ್ಸ್, ಗ್ಯಾರಿ ಸ್ಮುಲಿಯನ್, ರಾಲ್ಫ್ ಲಲಾಮಾ, ಜಾನ್ ಮೋಸ್ಕಾ, ಡಗ್ಲಸ್ ಪರ್ವಿಯನ್ಸ್, ಟೆರೆಲ್ ಸ್ಟಾಫರ್ಡ್, ಜಾನ್ ರೈಲಿ, ನಿಮಗೆಲ್ಲ ನನ್ನ ನಮಸ್ಕಾರ. ಥ್ಯಾಡ್ ಮತ್ತು ಮೆಲ್ ಅವರಿಗೂ. ಕರೆದೊಯ್ದ ಹಿರಿಯರಿಗೂ, ಕತ್ತಲಲ್ಲಿ ಒಂದು ಹನಿ ಚೆಲ್ಲದೆ ತಟ್ಟೆ ಹಿಡಿದು ನಡೆಯುತ್ತಿದ್ದ ಪರಿಚಾರಕಿಗೂ. ಯಾರಿಗೋ ಬದಲಿಯಾಗಿ ಬಂದು, ಹಾಳೆ ನೋಡಿಕೊಂಡೇ ನುಡಿಸಿ ಹೋದವರೂ ಇದ್ದೀರಿ. ವೇದಿಕೆಯಿಂದ ನಿಮ್ಮ ಹೆಸರು ಹೇಳಿದ್ದರು, ಚಪ್ಪಾಳೆಯಲ್ಲಿ ನನಗೆ ಸರಿಯಾಗಿ ಕೇಳಿಸಲಿಲ್ಲ. ನಿಮಗೂ.