ಗೆಳೆಯನಿಗೊಂದು ಪತ್ರ: ಗೋಡೆ ಒಣಗುವವರೆಗೆ

ಪ್ರೀತಿಯ ಗೆಳೆಯಾ,

ಧಾರವಾಡದಲ್ಲಿ ನೀವಿಬ್ಬರೂ ನೋಡಿ ಬಂದ ಹಳೆಯ ಮನೆಯನ್ನು ಕೊಳ್ಳುವುದೋ ಬಿಡುವುದೋ ಎಂದು ಕೇಳಿದ್ದೀಯ. ಕೆಡವಿ ಹೊಸದು ಕಟ್ಟಿಸಿ ಎಂದು ನೆಂಟರೆಲ್ಲ ಹೇಳುತ್ತಿದ್ದಾರಂತೆ. ನಮಗೂ ಹಾಗೆಯೇ ಹೇಳಿದ್ದರು. ಮೈಸೂರಿನ ಈ ಮನೆಗೆ ಬಂದು ಎರಡನೆಯ ಮಳೆಗಾಲ ಕಳೆಯಿತು. ಕೆಡವದೆ ಉಳಿಸಿಕೊಂಡದ್ದಕ್ಕೆ ಇಬ್ಬರಿಗೂ ಒಂದು ದಿನವೂ ಬೇಸರವಾಗಿಲ್ಲ. ಆದರೆ ನಾವು ಯಾವುದನ್ನು ಮೊದಲು ಮಾಡಬೇಕಿತ್ತೋ ಅದನ್ನು ಕೊನೆಗೆ ಮಾಡಿದೆವು. ನೀವು ಹಾಗೆ ಮಾಡಬಾರದೆಂದೇ ಇಷ್ಟುದ್ದ ಬರೆಯುತ್ತಿದ್ದೇನೆ.

ಮನೆ ಹೇಗಿತ್ತೆಂದು ನಿನಗೆ ನೆನಪಿರಬಹುದು. ಕೆಳಗೊಂದು ಸಂಸಾರ, ಮೇಲೊಂದು ಸಂಸಾರ, ಹೊರಗಿನಿಂದ ಮೆಟ್ಟಿಲು. ಕೆಳಗಿನದು ಮದ್ರಾಸ್ ತಾರಸಿ, ಮೇಲಿನದು ಆಮೇಲೆ ಕಟ್ಟಿದ್ದು. ನನ್ನ ಹೆಂಡತಿಗೆ ಮನೆಯೊಳಗಿನಿಂದಲೇ ಮೆಟ್ಟಿಲು ಬೇಕಿತ್ತು. ನನಗೆ ಮೇಲಿನ ಮನೆಯನ್ನು ಬಾಡಿಗೆಗೆ ಕೊಟ್ಟು ಸಾಲದ ಕಂತಿನ ಭಾರ ಇಳಿಸಿಕೊಳ್ಳುವ ಯೋಚನೆ. ಈ ವಿಷಯಕ್ಕೆ ವಾರಗಟ್ಟಲೆ ಮುನಿಸಿಕೊಂಡಿದ್ದೆವು. ಕೊನೆಗೆ ಎಂಜಿನಿಯರ್ ಬಂದು ಚಾವಣಿ ತೋರಿಸಿದರು. ಮದ್ರಾಸ್ ತಾರಸಿಯಲ್ಲಿ ಮರದ ಜಂತೆಗಳ ಮೇಲೆ ಇಟ್ಟಿಗೆಗಳನ್ನು ಅಂಚಿನ ಮೇಲೆ ನಿಲ್ಲಿಸಿ, ಸುಣ್ಣದ ಗಾರೆಯಲ್ಲಿ ಓರೆಯಾಗಿ ಕೂರಿಸಿರುತ್ತಾರೆ. ಮೆಟ್ಟಿಲಿಗೆಂದು ನಡುವೆ ತೆರವು ಮಾಡಿದರೆ ಮೂರು ನಾಲ್ಕು ಜಂತೆಗಳನ್ನು ತುಂಡರಿಸಬೇಕು, ಅವು ಹೊತ್ತ ಭಾರವನ್ನು ಉಕ್ಕಿನ ತೊಲೆಗೆ ದಾಟಿಸಬೇಕು. ಆ ಖರ್ಚು ನಮ್ಮಿಂದಾಗುವಂಥದ್ದಲ್ಲ. ಮೆಟ್ಟಿಲು ಹೊರಗೇ ಉಳಿಯಿತು. ಮೇಲಿನ ಮನೆಗೆ ಬಾಡಿಗೆದಾರರ ಬದಲು ಇವಳ ಅಪ್ಪ ಅಮ್ಮ ಬಂದರು. ಸಂಜೆ ಅತ್ತೆಯವರು ಕಂಬಿ ಹಿಡಿದು ನಿಧಾನವಾಗಿ ಇಳಿದು ಬರುವ ಸದ್ದು ಕೇಳಿದಾಗ ನನ್ನ ಹಟ ನಿಲ್ಲದಿದ್ದದ್ದೇ ಒಳ್ಳೆಯದಾಯಿತು ಅನ್ನಿಸುತ್ತದೆ.

ಈಗ ಗೋಡೆಯ ವಿಷಯ. ಹಜಾರದ ಪಶ್ಚಿಮದ ಗೋಡೆಯಲ್ಲಿ ಮಂಡಿಯೆತ್ತರದವರೆಗೆ ಬಣ್ಣ ಗುಳ್ಳೆ ಎದ್ದಿತ್ತು. ಬೆರಳಿನಿಂದ ಒತ್ತಿದರೆ ಹಪ್ಪಳದಂತೆ ಮುರಿದು, ಒಳಗಿನಿಂದ ಬಿಳಿ ಉಪ್ಪು ಉದುರುತ್ತಿತ್ತು. ನಾವು ಕೆರೆದು, ಪುಟ್ಟಿ ಹಾಕಿಸಿ, ತೇವ ತಡೆಯುವುದೆಂದು ಅಂಗಡಿಯವರು ಕೊಟ್ಟ ದುಬಾರಿ ಬಣ್ಣ ಹೊಡೆಸಿದೆವು. ಮೊದಲ ಮಳೆಗೆ ಗುಳ್ಳೆ ಸೊಂಟದೆತ್ತರಕ್ಕೆ ಏರಿತು. ಇವಳು ಗೋಡೆಯ ಮುಂದೆ ಕುಳಿತು ಅತ್ತಳು. ನನಗೂ ಮಾತು ಹೊರಡಲಿಲ್ಲ.

ಆಗ ಸಿಕ್ಕವರು ಎಪ್ಪತ್ತರ ಹತ್ತಿರದ ಒಬ್ಬ ಗಾರೆ ಮೇಸ್ತ್ರಿ. ಅವರು ಬಂದವರೇ ಗೋಡೆಯನ್ನು ಬೆರಳ ಗಿಣ್ಣಿನಿಂದ ಉದ್ದಕ್ಕೂ ತಟ್ಟುತ್ತಾ ಹೋದರು. ಕೆಳಗೆ ಡೊಳ್ಳು ಸದ್ದು, ಮೇಲೆ ಗಟ್ಟಿ ಸದ್ದು. ಆಮೇಲೆ ಹೊರಗೆ ಹೋಗಿ ರಸ್ತೆ ತೋರಿಸಿದರು. ಡಾಂಬರಿನ ಮೇಲೆ ಡಾಂಬರು ಬಿದ್ದು ರಸ್ತೆ ಎತ್ತರವಾಗಿ, ಮಳೆನೀರು ನಮ್ಮ ಅಂಗಳಕ್ಕಿಳಿದು ಗೋಡೆಯ ಬುಡದಲ್ಲೇ ನಿಲ್ಲುತ್ತಿತ್ತು. ಇಟ್ಟಿಗೆ ಆ ನೀರನ್ನು ಬತ್ತಿಯಂತೆ ಮೇಲಕ್ಕೆ ಹೀರುತ್ತದೆ. ಸುಣ್ಣದ ಗಾರೆಯಾಗಿದ್ದರೆ ತೇವ ಆವಿಯಾಗಿ ಹೊರಹೋಗುತ್ತಿತ್ತು. ಹಿಂದೆ ಯಾರೋ ಅದರ ಮೇಲೆ ಸಿಮೆಂಟ್ ಬಳಿಸಿದ್ದರು, ನಾವು ಬಣ್ಣದ ಪದರ ಹಾಕಿ ಇನ್ನಷ್ಟು ಬಿಗಿ ಮಾಡಿದ್ದೆವು. ಹೊರಬರಲು ದಾರಿಯಿಲ್ಲದ ನೀರು ಮೇಲಕ್ಕೇ ಏರಿತು.

ಅಂಗಳದ ಇಳಿಜಾರು ತಿದ್ದಿ, ಗೋಡೆಯುದ್ದಕ್ಕೂ ಚರಂಡಿ ತೋಡಿಸಿ, ಸಿಮೆಂಟ್ ಪೂರ್ತಿ ಕೀಳಿಸಿ ಬರಿಯ ಇಟ್ಟಿಗೆಯನ್ನು ಎರಡು ತಿಂಗಳು ಗಾಳಿಗೆ ಬಿಟ್ಟೆವು. ಆಮೇಲೆ ಅಂಗಳದ ಡ್ರಮ್ಮಿನಲ್ಲಿ ಸುಣ್ಣ ಅರಳಿಸಿದರು. ನೀರಿಗೆ ಬಿದ್ದೊಡನೆ ಕಲ್ಲು ಬಿರಿದು, ಕೊತಕೊತ ಕುದಿದು, ಬಿಸಿ ಹಬೆ ಮುಖಕ್ಕೆ ರಾಚಿತು. ಅದನ್ನು ದಿನಗಟ್ಟಲೆ ನೆನೆಯಲು ಬಿಟ್ಟು, ಬೆಣ್ಣೆಯಂತಾದ ಮೇಲೆ ಮರಳು ಸೇರಿಸಿ, ಅಳಲೆಕಾಯಿ ಮತ್ತು ಬೆಲ್ಲ ನೆನೆಸಿದ ನೀರು ಹಾಕಿ ಕಲಸಿದರು. ಸುಣ್ಣದ ಗಾರೆ ಗಾಳಿಯಿಂದ ಇಂಗಾಲದ ಡೈಆಕ್ಸೈಡ್ ಎಳೆದುಕೊಂಡು ಮೆಲ್ಲಗೆ ಗಟ್ಟಿಯಾಗುತ್ತದೆ, ಅವಸರ ಸಲ್ಲದು. ಬೆಳಗ್ಗೆ ಸಂಜೆ ನಾವಿಬ್ಬರೇ ನೀರು ಚಿಮುಕಿಸುತ್ತಿದ್ದೆವು. ಈ ಮಳೆಗಾಲದಲ್ಲಿ ಗೋಡೆಗೆ ಅಂಗೈ ಒತ್ತಿ ಇಟ್ಟೆ. ತಣ್ಣಗಿತ್ತು, ಆದರೆ ಒದ್ದೆ ಇರಲಿಲ್ಲ.

ಹಜಾರದ ಕೆಂಪು ಗಾರೆ ನೆಲವನ್ನು ಮುಟ್ಟಲಿಲ್ಲ. ಎರಡು ಬಿರುಕುಗಳಿವೆ, ಇರಲಿ. ವೈರಿಂಗ್ ಮಾತ್ರ ಪೂರ್ತಿ ಬದಲಾಯಿಸಿದೆವು. ಹಳೆಯ ಮರದ ಪಟ್ಟಿಯೊಳಗಿನ ತಂತಿಗಳಿಗೆ ಅರ್ಥಿಂಗೇ ಇರಲಿಲ್ಲ. ವಿದ್ಯುತ್ ಸೋರಿದರೆ ತಾನಾಗಿ ಕಡಿತಗೊಳಿಸುವ 30 ಮಿಲಿ ಆಂಪಿಯರಿನ ಸಾಧನ ಹಾಕಿಸದೆ ಹಳೆಯ ಮನೆಯಲ್ಲಿ ಒಂದು ರಾತ್ರಿಯೂ ಮಲಗಬೇಡಿ. ತುಕ್ಕು ಹಿಡಿದ ಕಬ್ಬಿಣದ ನೀರಿನ ಕೊಳವೆಗಳನ್ನೂ ಬಣ್ಣಕ್ಕೆ ಮೊದಲೇ ತೆಗೆಸಿ. ಒಂಬತ್ತು ಲಕ್ಷದಲ್ಲಿ ಮುಗಿಯುತ್ತದೆಂದುಕೊಂಡ ಕೆಲಸ ನಮಗೆ ಹದಿನಾಲ್ಕಾಯಿತು. ಆ ಹೆಚ್ಚಿನದರಲ್ಲಿ ಬಹುಪಾಲು, ಒಮ್ಮೆ ಮಾಡಿದ್ದನ್ನು ಒಡೆದು ಮತ್ತೆ ಮಾಡಿಸಿದ್ದಕ್ಕೇ ಹೋಯಿತು.

ಕಾಗದಪತ್ರದ ಬಗ್ಗೆ ಹೇಳುವುದು ಸ್ವಲ್ಪವೇ. ಮೂಲ ಕ್ರಯಪತ್ರದಿಂದ ಇಂದಿನವರೆಗಿನ ಕೊಂಡಿ ಎಲ್ಲೂ ಕಡಿದಿರಬಾರದು. ಆಸ್ತಿಯ ಮೇಲಿನ ಸಾಲ, ಅಡಮಾನ, ಮಾರಾಟಗಳನ್ನು ತೋರಿಸುವ ಋಣಭಾರ ಪತ್ರವನ್ನು ಕನಿಷ್ಠ 30 ವರ್ಷದ್ದು ತೆಗೆಸಿ ವಕೀಲರಿಗೆ ತೋರಿಸಿ. ಇ-ಖಾತೆ, ಅಂದರೆ ಪಾಲಿಕೆಯ ಡಿಜಿಟಲ್ ಆಸ್ತಿ ದಾಖಲೆ, ಮಾರುವವರ ಹೆಸರಿನಲ್ಲೇ ಇದೆಯೇ ನೋಡಿಕೊಳ್ಳಿ. ನಾವು ಕೊಂಡಾಗ ನೋಂದಣಿ ಶುಲ್ಕ ಶೇ 1 ಇತ್ತು, 2025ರ ಆಗಸ್ಟ್ 31ರಿಂದ ಶೇ 2 ಆಗಿದೆ. ಮುದ್ರಾಂಕ ಶುಲ್ಕ ಬೇರೆ. ಇದನ್ನೆಲ್ಲ ಕೈಯಿಂದಲೇ ಹಾಕಬೇಕಾಗುತ್ತದೆ, ಮೊದಲೇ ತೆಗೆದಿಡು. ಕ್ರಯಪತ್ರ ಇಬ್ಬರ ಹೆಸರಿಗೂ ಇರಲಿ. ನಮ್ಮದರಲ್ಲಿ ಇವಳ ಹೆಸರು ಮೊದಲಿದೆ.

ಇನ್ನೊಂದು ಮಾತು. ನಿಮ್ಮದು ಎರೆಮಣ್ಣಿನ ಜಾಗವೇ ಎಂದು ವಿಚಾರಿಸು. ಆ ಮಣ್ಣು ಮಳೆಗೆ ಉಬ್ಬಿ, ಬೇಸಿಗೆಗೆ ಕುಗ್ಗಿ ಅಡಿಪಾಯವನ್ನೇ ಅಲುಗಿಸುತ್ತದೆ. ಕಿಟಕಿಯ ಮೂಲೆಯಿಂದ ಓರೆಯಾಗಿ ಓಡಿದ ಬಿರುಕು ಕಂಡರೆ ಎಂಜಿನಿಯರ್ ನೋಡದೆ ಮುಂಗಡ ಕೊಡಬೇಡ.

ಮತ್ತೊಮ್ಮೆ ನೋಡಲು ಹೋಗುವುದಾದರೆ ಜೋರು ಮಳೆ ಬಂದ ಮರುದಿನ ಬೆಳಗ್ಗೆ ಹೋಗಿ. ದಿನ ತಿಳಿಸಿದರೆ ನಾವಿಬ್ಬರೂ ಹಿಂದಿನ ರಾತ್ರಿಯ ರೈಲಿಗೆ ಹೊರಟು ಬರುತ್ತೇವೆ. ಗೋಡೆ ತಟ್ಟಿ ನೋಡುವುದು ಈಗ ಇವಳಿಗೆ ನನಗಿಂತ ಚೆನ್ನಾಗಿ ಬರುತ್ತದೆ.

ಇಂತಿ ನಿನ್ನ,
ಹಳೆಯ ಗೆಳೆಯ