ನೆನ್ಯುಫಾರ್ ಗ್ರೀಕ್ ಪದವಲ್ಲ

ಮಾನ್ಯ ಸಂಪಾದಕರೇ,

ಕಳೆದ ಭಾನುವಾರದ ಪುರವಣಿಯಲ್ಲಿ ಚಿತ್ರಕಾರ ಕ್ಲೋಡ್ ಮೋನೆ ಬಗ್ಗೆ ಬಂದ ಲೇಖನವನ್ನು ಖುಷಿಯಿಂದ ಓದಿದೆ. ಆದರೆ ಅದರ ಪಕ್ಕದ ಪುಟ್ಟ ಟಿಪ್ಪಣಿ ಬೇಸರ ತಂದಿತು. ‘ನೆನ್ಯುಫಾರ್’ ಎಂಬ ಫ್ರೆಂಚ್ ಪದಕ್ಕೆ ತಾವರೆ ಎಂದು ಅರ್ಥ ಕೊಟ್ಟಿದ್ದೀರಿ. ಅದು ಗ್ರೀಕ್ ಪದ, ಹಾಗಾಗಿ ಅದರ ‘ಫ’ ಧ್ವನಿಗೆ ಪಿ, ಎಚ್ ಎರಡು ಅಕ್ಷರಗಳನ್ನೂ ಸೇರಿಸಿಯೇ ಬರೆಯಬೇಕು, ಎಫ್ ಹಾಕಿದರೆ ತಪ್ಪು ಎಂದೂ ಹೇಳಿದ್ದೀರಿ. ಹದಿನಾಲ್ಕು ವರ್ಷದಿಂದ ಫ್ರೆಂಚ್ ಕಲಿಸುತ್ತಿರುವ ನನಗೆ ಸುಮ್ಮನಿರಲು ಆಗಲಿಲ್ಲ.

ನೆನ್ಯುಫಾರ್ ಎಂದರೆ ನೈದಿಲೆ. ಅದರ ಎಲೆ ನೀರಿನ ಮೇಲೆ ತೇಲುತ್ತದೆ. ತಾವರೆಯ ಎಲೆ ನೀರಿನಿಂದ ಮೇಲೆದ್ದು ನಿಲ್ಲುತ್ತದೆ. ಅದಕ್ಕೆ ಫ್ರೆಂಚಿನಲ್ಲಿ ಬೇರೆಯೇ ಹೆಸರಿದೆ. ಮೋನೆ ಜಿವೆರ್ನಿಯ ತನ್ನ ಕೊಳದಲ್ಲಿ ಬೆಳೆಸಿ, ಮತ್ತೆ ಮತ್ತೆ ಬರೆದದ್ದು ನೈದಿಲೆಯನ್ನೇ.

ಇನ್ನು ಮೂಲ. ಇದು ನಮಗೆ ಚೆನ್ನಾಗಿ ಗೊತ್ತಿರುವ ಪದ: ನೀಲೋತ್ಪಲ. ನೀಲಿ ನೈದಿಲೆಯ ಈ ಸಂಸ್ಕೃತ ಹೆಸರು ಪರ್ಷಿಯನ್ನಿಗೆ ಹೋಗಿ ನೀಲೂಪರ್, ನೀಲೂಫರ್ ಆಯಿತು. ಅರಬ್ಬಿಯಲ್ಲಿ ‘ಪ’ ಧ್ವನಿಯೇ ಇಲ್ಲ, ಅಲ್ಲಿ ‘ಫ’ ಮಾತ್ರ ಉಳಿಯಿತು. ‘ಲ’ ಕೂಡ ‘ನ’ ಆಗಿ ನೀನೂಫರ್ ಎಂಬ ರೂಪ ಬಂತು. ಅಲ್ಲಿಂದ ಮಧ್ಯಯುಗದ ಲ್ಯಾಟಿನ್, ಆಮೇಲೆ ಫ್ರೆಂಚ್. ಇಷ್ಟು ದೂರ ನಡೆದರೂ ‘ಉತ್ಪಲ’ದ ಕೊನೆ ಇವತ್ತಿಗೂ ‘ಫಾರ್’ ಎಂದು ಕೇಳಿಸುತ್ತದೆ. ತರಗತಿಯಲ್ಲಿ ಇದನ್ನು ಹೇಳುವಾಗ ನನಗೆ ಪ್ರತಿ ಸಲವೂ ರೋಮಾಂಚನ.

ಹಾಗಾದರೆ ಪಿ, ಎಚ್ ಎಲ್ಲಿಂದ ಬಂತು? ಲ್ಯಾಟಿನ್ನಿನಲ್ಲೇ ಹಾಗೆ ಬರೆದವರಿದ್ದರು, ನಿಜ. ಫ್ರೆಂಚಿನಲ್ಲಿ ಆ ಜೋಡಿ ಸಾಮಾನ್ಯವಾಗಿ ಗ್ರೀಕ್ ಮೂಲದ ಗುರುತು. ಮೋನೆಯ ನೈದಿಲೆ ಚಿತ್ರಗಳ ಹೆಸರು ‘ನ್ಯಾಂಫೆಯಾ’. ಅದು ನಿಜವಾಗಿ ಗ್ರೀಕ್. ಹೂವು ಒಂದೇ, ಹೆಸರೂ ಹತ್ತಿರ ಹತ್ತಿರ. ಗೊಂದಲ ಆಗುವುದು ಸಹಜ, ಅಲ್ವಾ? ಫ್ರೆಂಚ್ ಭಾಷೆಯ ಅಧಿಕೃತ ಸಂಸ್ಥೆಯಾದ ಫ್ರೆಂಚ್ ಅಕಾಡೆಮಿ ಮೊದಲು ಎಫ್ ಬಳಸುತ್ತಿತ್ತು. 1935ರಲ್ಲಿ ಮುಗಿದ ತನ್ನ ನಿಘಂಟಿನ 8ನೇ ಆವೃತ್ತಿಯಲ್ಲಿ ಪಿ, ಎಚ್ ಹಾಕಿತು. 1990ರ ಡಿಸೆಂಬರ್ 6ರಂದು ಫ್ರಾನ್ಸಿನ ಸರ್ಕಾರಿ ಗೆಜೆಟ್‌ನಲ್ಲಿ ಕಾಗುಣಿತ ತಿದ್ದುಪಡಿಗಳು ಪ್ರಕಟವಾದಾಗ ಎಫ್ ಮತ್ತೆ ಬಂತು. 2016ರಲ್ಲಿ ಶಾಲಾ ಪುಸ್ತಕಗಳಿಗೆ ಹೊಸ ಕಾಗುಣಿತ ಬರುತ್ತದೆ ಎಂದಾಗ ಫ್ರಾನ್ಸಿನಲ್ಲಿ ದೊಡ್ಡ ಗಲಾಟೆಯೇ ಆಯಿತು. ಈಗ ಎರಡೂ ಸರಿ. ಯಾವುದನ್ನೂ ತಪ್ಪು ಎನ್ನುವಂತಿಲ್ಲ.

ಇಷ್ಟು ಒತ್ತಿ ಹೇಳಲು ಕಾರಣವಿದೆ. ಕೆಲವು ವರ್ಷದ ಹಿಂದೆ ಉಕ್ತಲೇಖನದಲ್ಲಿ ಒಬ್ಬ ಹುಡುಗಿ ಈ ಪದಕ್ಕೆ ಎಫ್ ಹಾಕಿದ್ದಳು. ನಾನು ಕೆಂಪು ಗೆರೆ ಎಳೆದು ಅರ್ಧ ಅಂಕ ಕಳೆದೆ. ಅವಳು ವಾದ ಮಾಡಲಿಲ್ಲ. ಮಾರನೆಯ ದಿನ ಹೊಸ ಪಠ್ಯಪುಸ್ತಕ ತಂದು, ಆ ಪುಟ ತೆರೆದು ನನ್ನ ಮೇಜಿನ ಮೇಲಿಟ್ಟಳು. ಅಲ್ಲಿ ಎಫ್ ಇತ್ತು. ನಾನು ಕಲಿತ ಕಾಲದ ನಿಘಂಟನ್ನೇ ನಂಬಿ ಕೂತಿದ್ದೆ. ಅಂಕ ಹಿಂದಿರುಗಿಸಿದೆ, ಎಲ್ಲರ ಎದುರು ಅವಳ ಕ್ಷಮೆ ಕೇಳಿದೆ. ಈ ವರ್ಷ ನನ್ನ ಇನ್ನೊಬ್ಬ ವಿದ್ಯಾರ್ಥಿ ಹೊರಗಿನ ಒಂದು ಪರೀಕ್ಷೆಯಲ್ಲಿ ಇದೇ ಎಫ್‌ಗಾಗಿ ಅಂಕ ಕಳೆದುಕೊಂಡ. ಮರುಪರಿಶೀಲನೆಗೆ ಬರೆದ ಅರ್ಜಿಗೆ ಇನ್ನೂ ಉತ್ತರವಿಲ್ಲ.

ನಿಮ್ಮ ಪತ್ರಿಕೆಯನ್ನು ಅಧ್ಯಾಪಕರು ಜಾಸ್ತಿ ಓದುತ್ತಾರೆ. ಅಚ್ಚಾದದ್ದನ್ನು ನಂಬುತ್ತಾರೆ. ಈ ಭಾನುವಾರ ಅದೇ ಪುಟದಲ್ಲಿ ಮೂರು ಸಾಲಿನ ತಿದ್ದುಪಡಿ ಹಾಕಿ. ಅರ್ಥ ನೈದಿಲೆ, ಮೂಲ ನೀಲೋತ್ಪಲ, ಎರಡೂ ಕಾಗುಣಿತ ಸರಿ. ಅದರ ಒಂದು ಪ್ರತಿಯನ್ನು ಆ ಅರ್ಜಿಯ ಜೊತೆ ಸೇರಿಸಿ ಮತ್ತೆ ಕಳಿಸುತ್ತೇನೆ.

ಇಂತಿ,
ಒಬ್ಬ ಫ್ರೆಂಚ್ ಅಧ್ಯಾಪಕಿ